ಇಳಿಜಾರಿನ ಅಗಲ

ನನ್ನ ತಮ್ಮ ಭೀಮಶಾ ಬೇವಿನ ಮರದಿಂದ ಬಿದ್ದದ್ದು ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ. ಮರಿಗಳಿಗೆ ಸೊಪ್ಪು ಕಡಿಯಲು ಹತ್ತಿದ್ದ. ಕುರಿ ಕಾಯುವವರ ಮನೆಯಲ್ಲಿ ಮರದಿಂದ ಬೀಳುವುದು ಹೊಸದೇನಲ್ಲ. ನಮ್ಮ ಅಜ್ಜ ಬಿದ್ದಿದ್ದ, ಕಾಕಾ ಬಿದ್ದಿದ್ದ. ಕೈಕಾಲು ಕಟ್ಟಿಸಿಕೊಂಡು, ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಎದ್ದಿದ್ದರು. ಭೀಮಶಾ ಏಳಲಿಲ್ಲ. ಮಳೆಗಾಲವನ್ನೆಲ್ಲ ಸೊಲ್ಲಾಪುರದ ದವಾಖಾನೆಯಲ್ಲಿ ಕಳೆದು, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ, ಒಂದು ಗಾಲಿಕುರ್ಚಿಯ ಜೊತೆ ವಾಪಸ್ ಬಂದ. ಕುರ್ಚಿಯನ್ನು ಅಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದರು. ಬಸ್ಸಿನ ಟಾಪಿನ ಮೇಲೆ ಹಗ್ಗ ಬಿಗಿದು ತಂದು, ಬಂಗ್ಲಾ ಕ್ರಾಸಿನಲ್ಲಿ ಇಳಿಸಿ, ಎತ್ತಿನ ಬಂಡಿಯಲ್ಲಿ ನಮ್ಮೂರು ಕಲ್ಯಾಣಕ್ಕೆ ಸಾಗಿಸಿದೆವು. ದಾರಿಯುದ್ದಕ್ಕೂ ಜನ ಕುರ್ಚಿಯನ್ನೇ ನೋಡಿದರು, ಅವನನ್ನು ನೋಡಲಿಲ್ಲ.

ನನ್ನ ಗಂಡನ ಮನೆ ಹುಮನಾಬಾದ. ಗಂಡನಿಗೆ 'ಕೆಲ ದಿನ ನಿಮ್ಮ ರೊಟ್ಟಿ ನೀವೇ ಬಡಿದುಕೊಳ್ಳಿ' ಎಂದು ಹೇಳಿ ತವರಿಗೆ ಬಂದವಳು ಅಲ್ಲೇ ಉಳಿದೆ. ಭೀಮಶಾನ ಹೆಂಡತಿ ಸಖುಬಾಯಿ ಒಳ್ಳೆಯವಳೇ, ಆದರೆ ಹೆದರುಪುಕ್ಕಲಿ. ನಾನು ಹೆದರುವವಳಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಅಷ್ಟೇ ವ್ಯತ್ಯಾಸ. ಆ ದಿನಗಳಲ್ಲಿ ನನಗೆ ಬಹಳ ಸಿಟ್ಟು ಬರುತ್ತಿತ್ತು.

ನಮ್ಮ ಮನೆ ಊರ ಹೊರಗೆ, ಹುಲಸೂರ ದಾರಿಯಲ್ಲಿದೆ. ಮಳೆನೀರು, ಹಾವು, ಕುರಿ, ಈ ಮೂರೂ ಒಳಗೆ ಬರಬಾರದೆಂದು ನಮ್ಮಪ್ಪ ನನ್ನ ಸೊಂಟದೆತ್ತರಕ್ಕೆ ಕಟ್ಟೆ ಎಬ್ಬಿಸಿ ಅದರ ಮೇಲೆ ಮನೆ ಕಟ್ಟಿದ್ದ. ಮುಂದೆ ಪಡಸಾಲೆ, ಪಕ್ಕದಲ್ಲಿ ಅಡುಗೆಮನೆ, ನಡುವೆ ಹಿತ್ತಲಿಗೆ ಹೋಗುವ ದಾರಿ. ಹಿತ್ತಲು ಮನೆಯ ಸಮಕ್ಕೇ ಇದೆ, ಆದರೆ ಅದರ ಸುತ್ತ ಆಳೆತ್ತರದ ಕಲ್ಲುಗೋಡೆ, ಬೇರೆ ಬಾಗಿಲಿಲ್ಲ. ಹೊರಗೆ ಹೋಗಬೇಕೆಂದರೆ ಮುಂದಿನ ಕಡಿದಾದ ಮೆಟ್ಟಿಲುಗಳನ್ನೇ ಇಳಿಯಬೇಕು. ಮೆಟ್ಟಿಲ ಕೆಳಗೆ ಅಂಗಳ, ಅಂಗಳದ ಆಚೆ ತುದಿಗೆ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿದೊಡ್ಡಿ. ಕಾಲಿದ್ದವರಿಗೆ ಒಂದು ಬೀಡಿ ಹಚ್ಚುವಷ್ಟರಲ್ಲಿ ಮುಟ್ಟುವ ದೂರ. ಭೀಮಶಾ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು ಆ ದೊಡ್ಡಿಯನ್ನು ನೋಡುತ್ತಾ ದಿನ ಕಳೆಯುತ್ತಿದ್ದ. ಬೇಕಾದಾಗ ನಾವು ಹೊತ್ತು ಇಳಿಸುತ್ತಿದ್ದೆವು, ಹೊತ್ತು ಹತ್ತಿಸುತ್ತಿದ್ದೆವು.

ಹೊರುವುದರಿಂದಲೇ ಎಲ್ಲ ಮುಗಿಯುವಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಮ್ಮ ದೊಡ್ಡಿಯ ಕುರಿಗಳೆಲ್ಲ ನಮ್ಮವಲ್ಲ. ನಮ್ಮವು ಕೆಲವೇ, ಉಳಿದವು ಹಟ್ಟಿಯ ಬೇರೆ ಮನೆಗಳವರದು. ಅವರು ಕುರಿಗಳನ್ನು ಭೀಮಶಾನ ಕೈಗೆ ಬಿಟ್ಟಿರುತ್ತಾರೆ, ಅವನು ಮೇಯಿಸಿ ಕಾಪಾಡಿ ಮರಿಗಳಲ್ಲಿ, ಉಣ್ಣೆಯಲ್ಲಿ ಪಾಲು ಪಡೆಯುತ್ತಾನೆ. ಅದೇ ನಮ್ಮ ಅನ್ನ. ಅಮಾವಾಸ್ಯೆಯ ಸಂಜೆ ಎಲ್ಲ ಮನೆಗಳ ಹಿರಿಯರು ಬಂದು ಅಂಗಳದಲ್ಲಿ ನಿಲ್ಲುತ್ತಾರೆ. ದೊಡ್ಡಿಯ ಬೇಲಿಯಲ್ಲಿ ಒಂದು ಗಂಡಿ ಇದೆ, ಅಂದರೆ ಒಂದೊಂದೇ ಕುರಿ ನುಸುಳುವಷ್ಟು ಸಂದು. ಹಿಂಡಿನ ಯಜಮಾನ ಆ ಗಂಡಿಯ ಪಕ್ಕ ನಿಂತು, ಪ್ರತಿ ಕುರಿಯ ಬೆನ್ನು ಮುಟ್ಟಿ, ಯಾರದೆಂದು ಹೇಳಿ ಎಣಿಸಿ ಒಳಗೆ ಬಿಡುತ್ತಾನೆ. ಗಂಡಿಯ ಮುಳ್ಳಿನ ಕೊಂಬೆಯನ್ನು ತೆಗೆಯುವವನೂ ಅವನೇ, ಮುಚ್ಚುವವನೂ ಅವನೇ.

ಇದಕ್ಕೆ ನಮ್ಮ ಹಟ್ಟಿಯಲ್ಲಿ ಒಂದು ರಿವಾಜಿದೆ. ಎಣಿಸುವವನು ಹಣೆಗೆ ದೇವರ ಅರಿಶಿನ, ಭಂಡಾರ ಹಚ್ಚಿ, ಕಂಬಳಿ ಹೆಗಲಿಗೇರಿಸಿ ಮನೆಯಿಂದ ಹೊರಟನೆಂದರೆ ಎಣಿಕೆ ಮುಗಿಯುವವರೆಗೆ ಯಾರೂ ಅವನನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಎಣಿಕೆ ಕೆಡುತ್ತದೆ, ಹಿಂಡಿಗೆ ಕೇಡು ಎನ್ನುತ್ತಾರೆ. ನಮ್ಮಪ್ಪನಿಗೆ ಒಮ್ಮೆ ಮೈಯಲ್ಲಿ ಜ್ವರ ಸುಡುತ್ತಿತ್ತು, ಕೋಲೂರಿಕೊಂಡು ಗಂಡಿಗೆ ಹೋದ, ನಮ್ಮವ್ವ ಹಿಂದೆ ಹಿಂದೆ ಅಳುತ್ತಾ ಹೋದಳೇ ಹೊರತು ಕೈ ಹಿಡಿಯಲಿಲ್ಲ.

ಭೀಮಶಾ ಸೊಲ್ಲಾಪುರದಲ್ಲಿದ್ದಾಗ ನಮ್ಮ ಕಾಕಾನ ಮಗ ಅಮೋಘಸಿದ್ದಪ್ಪ ಹಿಂಡು ನೋಡಿಕೊಂಡಿದ್ದ, ಈಗಲೂ ಮೇಯಿಸಿ ತರುವವನು ಅವನೇ. ಅವನೂ ಹುಮನಾಬಾದ ಕಡೆಯವನು, ದೊಡ್ಡ ದೊಡ್ಡಿ, ಗಟ್ಟಿ ಕಾಲು. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು. ದೀಪಾವಳಿ ಹತ್ತಿರವಾದಾಗ ಹಟ್ಟಿಯ ಹಿರಿಯ, ಎಲ್ಲರಿಗೂ ಕಾಕಾ ಎನಿಸಿದ ಸಿದ್ದಪ್ಪ ಕಾಕಾ ಬಂದು ಪಡಸಾಲೆಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ, ಭೀಮಶಾನ ಮುಖ ನೋಡದೆ ಹೇಳಿದ:

"ದೀಪಾವಳಿ ಅಮಾಸಿಗಿ ಎಲ್ಲಾರೂ ಬರ್ತೇವ. ಕುರಿ ಯಾರ ಕೈಯಾಗ ಅನ್ನೋ ವರ್ಷದ ಮಾತು ಅವತ್ತೇ ಆಗಬೇಕು. ಮೇಯಿಸಲಿಕ್ಕ ಆಳು ಸಿಗ್ತಾರ. ನೀ ಗಂಡಿಗಿ ನಿಂತರೂ ಅಡ್ಡಿ ಇಲ್ಲ, ಕುಂತರೂ ಅಡ್ಡಿ ಇಲ್ಲ. ಆದರ ರಿವಾಜಿನಂಗ ನೀನಾಗೇ ಬರಬೇಕು. ಬರ್ಲಿಕ್ಕ ಆಗದಿದ್ರ ಹೇಳು, ಕುರಿ ಅಮೋಘಸಿದ್ದನ ಸಂಗಟ ಹುಮನಾಬಾದ ಕಡಿಗಿ ಹೊಡೀತೇವ."

ನನ್ನ ಮೈಯೆಲ್ಲ ಉರಿಯಿತು. "ಕಾಕಾ, ಮನಿಷ್ಯಾ ದೊಡ್ಡಾಂವೋ ರಿವಾಜು ದೊಡ್ಡದೋ?" ಎಂದೆ.

"ರಿವಾಜು ನಾ ಹುಟ್ಟಿಸಿಲ್ಲವ್ವಾ ತುಳಜಾ. ನಾಳಿ ನಾಕು ಕುರಿ ಸತ್ರ ಮಂದಿ ನನ್ನ ಕೇಳ್ತಾರ."

ಇನ್ನೂ ಏನೋ ಅನ್ನಲಿದ್ದೆ. ಭೀಮಶಾ ಕೈ ಎತ್ತಿದ. "ಕಾಕಾ ಹೇಳೋದು ಖರೇ ಅದ ಅಕ್ಕಾ. ಸುಮ್ನಿರು."

ಆ ದಿನದಿಂದ ನನಗೆ ಊಟ ಸೇರಲಿಲ್ಲ. ಕುರಿ ಹೋದರೆ ಸಖುಬಾಯಿ ಯಾರದೋ ಹೊಲಕ್ಕೆ ಕೂಲಿಗೆ ಹೋಗಬೇಕು, ಇವನು ಪಡಸಾಲೆಯಲ್ಲಿ ಕೂತು ಖಾಲಿ ದೊಡ್ಡಿ ನೋಡಬೇಕು. ಕಾಲು ಹೋದರೂ ಬದುಕಿದವನು, ಕುರಿ ಹೋದರೆ ಬದುಕುವುದಿಲ್ಲ ಎಂದು ನನಗೆ ಭಯವಾಯಿತು. ಅವನ ಕಣ್ಣು ಒಮ್ಮೊಮ್ಮೆ ಹಿತ್ತಲ ಬಾವಿಯ ಕಡೆ ಹೋಗುವುದನ್ನು ನಾನು ನೋಡಿದ್ದೆ. ಬಾವಿಗೆ ಹಲಗೆ ಮುಚ್ಚಿಸಿ ಮೇಲೆ ಬೀಸುಕಲ್ಲು ಇಡಿಸಿದ್ದೆ, ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಇಳಿಜಾರಿನ ಮಾತು ತೆಗೆದವನು ಸಖುಬಾಯಿಯ ಅಣ್ಣ ಮಚ್ಚೇಂದ್ರ. ಅವನು ಹುಮನಾಬಾದಿನಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಮಾತು ಜಾಸ್ತಿ, ಕೆಲಸ ಪರವಾಗಿಲ್ಲ. ದವಾಖಾನೆಯಲ್ಲೂ 'ಮೆಟ್ಟಿಲಿನ ಪಕ್ಕ ಇಳಿಜಾರು ಕಟ್ಟಿಸಿಕೊಳ್ಳಿ' ಎಂದು ಹೇಳಿದ್ದರು. ಎಷ್ಟು ಅಗಲ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಅಗಲ ಎಂಬುದೊಂದು ಕೇಳುವ ಮಾತೆಂದು ಯಾರಿಗೆ ಗೊತ್ತಿತ್ತು?

ಮಚ್ಚೇಂದ್ರ ಕೇಳಿದಾಗಲೇ ಗೊತ್ತಾದದ್ದು. "ಅಗಲ ಎಷ್ಟಿಡ್ಲಿ, ಹೇಳ್ರಿ."

"ಬಂಡಿ ಹತ್ತೋವಷ್ಟು ಇಡು," ಎಂದೆ ನಾನು. ನನಗೆ ಎಲ್ಲವೂ ದೊಡ್ಡದಾಗಿಯೇ ಇರಬೇಕು.

"ಎರಡೂ ಕಡಿ ಗ್ವಾಡಿ ಇರ್ಲಿ ಅಣ್ಣಾ," ಎಂದಳು ಸಖುಬಾಯಿ. "ಗಾಲಿ ಜಾರಿ ಕೆಳಗ ಬಿದ್ರ ಹ್ಯಾಂಗ?"

ಭೀಮಶಾ ನಕ್ಕುಬಿಟ್ಟ. ಬಹಳ ದಿನದ ಮೇಲೆ ನಕ್ಕದ್ದು ನೋಡಿ ನಾವೆಲ್ಲ ಅವನ ಬಾಯಿ ನೋಡುತ್ತಾ ನಿಂತೆವು. "ಅಕ್ಕಾ, ಇಳಿಜಾರ ಅಗಲ ಮಾಡಿದ್ರ ಹಿಂಡೆಲ್ಲ ಮನಿಯೊಳಗ ಬರ್ತದ. ಎರಡು ಕುರಿ ಜೋಡಿಲೆ ಬರೋ ಸಂದು ಇದ್ರ ನೂಕಾಟ ಬೀಳ್ತದ. ಒಂದ ದಾಟೋವಷ್ಟಿದ್ರ ಶಿಸ್ತಿರ್ತದ. ಗಂಡಿ ಹ್ಯಾಂಗ ಇಡ್ತೇವೋ ಹಂಗ ಇಡ್ರಿ. ಕುರ್ಚಿ ಹಿಡಿಸಿದ್ರ ಸಾಕು."

ಗಂಡಿಯ ವಿಷಯದಲ್ಲಿ ಭೀಮಶಾನ ಎದುರು ಮಾತಾಡುವವರು ಕಲ್ಯಾಣ ತಾಲೂಕಿನಲ್ಲಿ ಇರಲಿಲ್ಲ. ಅವನೇ ಹಾಸಿಗೆಗೆ ಇಳಿದು ಕೂತು, ಕುರ್ಚಿಯನ್ನು ಹತ್ತಿರಕ್ಕೆ ಎಳೆಸಿಕೊಂಡು, ಈ ಗಾಲಿಯಿಂದ ಆ ಗಾಲಿಗೆ ಹಗ್ಗ ಹಿಡಿದ. ಆಚೆಗೆ ಎರಡು ಬೆರಳು, ಈಚೆಗೆ ಎರಡು ಬೆರಳು ಸೇರಿಸಿ ಗಂಟು ಹಾಕಿದ. ಹೊಸ ಗಂಡಿ ಇಡುವಾಗಲೂ ಹೀಗೆಯೇ. ಹಿಂಡಿನಲ್ಲಿ ಅತಿ ದಪ್ಪನೆಯ ಟಗರನ್ನು ನಿಲ್ಲಿಸಿ ಎರಡೆರಡು ಬೆರಳು ಬಿಟ್ಟು ಅಳತೆ ತೆಗೆಯುತ್ತಾರೆ. ನೋಡುತ್ತಾ ನಿಂತಿದ್ದ ನಮ್ಮಲ್ಲಿ ಒಬ್ಬರಿಗೂ ತಪ್ಪೇನೂ ಕಾಣಲಿಲ್ಲ.

ಆ ಹಗ್ಗ ಹಿಡಿದು ನಾನೇ ಹುಮನಾಬಾದಿಗೆ ಹೋದೆ. ಹೈವೇ ಪಕ್ಕದಲ್ಲಿ ಗೌಸನ ಫರಸಿ ಕಲ್ಲಿನ, ಅಂದರೆ ಹಾಸುಗಲ್ಲಿನ ಅಡ್ಡೆ ಇದೆ. ಗೌಸ ಹಗ್ಗ ನೋಡಿ, "ಇಷ್ಟ ಸಣ್ಣ ಸಣ್ಣ ಫರಸಿ ಯಾತಕ್ರೀ ಬಾಯಿ, ಗಟಾರ ಮುಚ್ಚಾಕೇನು?" ಎಂದ. "ನಿನ್ನ ಬಾಯಿ ಮುಚ್ಚಾಕ. ಜಲ್ದಿ ಕೊರಸು," ಎಂದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಲಾರಿಗಳ ಸದ್ದಿನಲ್ಲಿ ನಾನು ಅಮಾವಾಸ್ಯೆಗೆ ಎಷ್ಟು ದಿನ ಉಳಿಯಿತು ಎಂದು ಲೆಕ್ಕ ಹಾಕುತ್ತಾ ನಿಂತಿದ್ದೆ, ಯಾರು ಏನು ಕೇಳಿದರೂ ಹಾಯಲು ಬರುತ್ತಿದ್ದೆ.

ಕಲ್ಲು ಬಂದವು. ಮಚ್ಚೇಂದ್ರ ಕಟ್ಟೆಯಿಂದ ಅಂಗಳಕ್ಕೆ ಉದ್ದಕ್ಕೆ ಎರಡು ಗೋಡೆ ಎಬ್ಬಿಸಿ, ನಡುವೆ ಮೊರಮು ಮಣ್ಣು ತುಂಬಿ, ದಮ್ಮಸು ಹಾಕಿ ಗಟ್ಟಿ ಮಾಡಿ, ಮೇಲೆ ಫರಸಿ ಕೂಡಿಸಿದ. ಗೋಡೆಗಳು ಕುರ್ಚಿಯ ಕೈಯಷ್ಟು ಎತ್ತರ ಬಂದವು. ಸಖುಬಾಯಿಗೆ ಇನ್ನೂ ಎತ್ತರ ಬೇಕಿತ್ತು. ಸಿಮೆಂಟು ಗಟ್ಟಿಯಾಗುವವರೆಗೆ ಯಾರೂ ಕಾಲಿಡಕೂಡದೆಂದು ಮಚ್ಚೇಂದ್ರ ಅದರ ಬುಡದಲ್ಲೇ ಚಾಪೆ ಹಾಸಿ ಮಲಗಿದ. ಅಮಾವಾಸ್ಯೆಯ ಬೆಳಗ್ಗೆ, "ಈಗ ಇಳಸ್ರಿ ನಿಮ್ಮ ರಥಾ," ಎಂದು ಎದ್ದು ನಿಂತ.

ಭೀಮಶಾ ಕುರ್ಚಿಯನ್ನು ಇಳಿಜಾರಿನ ಬಾಯಿಗೆ ತಂದ. ಮುಂದಿನ ಪುಟ್ಟ ಗಾಲಿಗಳು ಇಳಿದವು, ಹಿಂದಿನ ದೊಡ್ಡವೂ ಇಳಿದವು. ಗಾಲಿ ಎಲ್ಲೂ ಗೋಡೆಗೆ ತಾಗಲಿಲ್ಲ. "ಹ್ಯಾಂಗದ ಅಳತಿ!" ಎಂದು ಮಚ್ಚೇಂದ್ರ ತೊಡೆ ತಟ್ಟಿದ. ಕುರ್ಚಿ ತಡೆತಡೆದು ಕೆಳಗೆ ಬಂದು ಅಂಗಳದಲ್ಲಿ ನಿಂತಿತು. ಸಖುಬಾಯಿ ಕೈ ಮುಗಿದಳು. ನಾನು ಓಡಿಹೋಗಿ ಅವನ ಕೈ ಹಿಡಿದೆ. ಕೈ ಒದ್ದೆಯಾಗಿತ್ತು.

ಎರಡೂ ಕೈಯ ಬೆರಳಗೆಣ್ಣುಗಳ ಚರ್ಮ ಕಿತ್ತು ಹೋಗಿತ್ತು. ಗಾಲಿಗೆ ಎರಡು ಬೆರಳು ಜಾಗ ಬಿಟ್ಟಿದ್ದೆವು ಸರಿ. ಗಾಲಿ ಹಿಡಿದು ತಿರುಗಿಸುವ ಕೈಗೆ ಜಾಗವೆಲ್ಲಿ? ಖಾಲಿ ಕುರ್ಚಿಯನ್ನು ಅಳೆದಿದ್ದೆವು, ಕುರಿಯನ್ನು ಅಳೆದ ಹಾಗೆ. ಕುರಿ ತನ್ನ ಮೈಯಷ್ಟೇ ಅಗಲ ಇರುತ್ತದೆ. ಗಾಲಿಕುರ್ಚಿಯ ಮೇಲಿನ ಮನುಷ್ಯ ಕುರ್ಚಿಗಿಂತ ಅಗಲ ಎಂದು ನಮಗೆ ಹೊಳೆದಿರಲಿಲ್ಲ.

"ಒಂದು ಗ್ವಾಡಿ ಒಡದುಬಿಡು," ಎಂದೆ ಮಚ್ಚೇಂದ್ರನಿಗೆ.

"ಒಡದ್ರ ಮೊರಮು ಜರಿದು ಫರಸಿ ಕುಸೀತಾವ್ರಿ ಅಕ್ಕಾರ. ಇಡೀ ಬಿಚ್ಚಿ ಕಟ್ಟಬೇಕು. ಹುಮನಾಬಾದಿಂದ ಬ್ಯಾರೆ ಕಲ್ಲು ತರಬೇಕು. ಸಂಜಿಕಿ ಮಂದಿ ಬರ್ತಾರ, ಎಲ್ಲಿ ಆಗ್ತದ?"

"ಏನೂ ಒಡಿಬ್ಯಾಡ್ರಿ," ಎಂದ ಭೀಮಶಾ. "ಕೈಗಿ ಅರಿವಿ ಸುತಕೊಂಡ್ರ ಆತು. ಒಂದ ಸಲ ಇಳದ್ರ ಸಾಕಲ್ಲ ಇವತ್ತ."

ಹತ್ತಿಸುವಾಗ ಮಚ್ಚೇಂದ್ರ ಹಿಂದಿನಿಂದ ತಳ್ಳಿದ. ಸಖುಬಾಯಿ ಅರಿಶಿನ ಹಚ್ಚಿ, ಹಳೆಯ ಧೋತರ ಹರಿದು ಕೈಗೆ ಸುತ್ತಿದಳು. ಬಟ್ಟೆ ಸುತ್ತಿದ ಮೇಲೆ ಕೈ ಇನ್ನೂ ದಪ್ಪವಾಯಿತು, ಸಂದು ಇನ್ನೂ ಸಣ್ಣದಾಯಿತು. ನಾನು ನೋಡಿದೆ, ಅವನೂ ನೋಡಿದ. ಇಡೀ ದಿನ ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಸಂಜೆ ಹಿರಿಯರೆಲ್ಲ ಬಂದು ಅಂಗಳದ ಅಂಚಿನಲ್ಲಿ ಕೋಲೂರಿ ನಿಂತರು. ಸಿದ್ದಪ್ಪ ಕಾಕಾ ಇಳಿಜಾರನ್ನು ಕೋಲಿನಿಂದ ತಟ್ಟಿ ನೋಡಿ 'ಹ್ಞೂಂ' ಎಂದಷ್ಟೇ ಅಂದ. ಭೀಮಶಾ ದೇವರ ಮುಂದೆ ಭಂಡಾರ ಹಚ್ಚಿಕೊಂಡ, ಕಂಬಳಿ ಹೆಗಲಿಗೆ ಹಾಕಿಕೊಂಡ. ಅಲ್ಲಿಗೆ ಅವನು ನಮ್ಮ ಕೈಯಿಂದ ಹೋದ. ನಾನು ಅಂಗಳಕ್ಕಿಳಿದು ಇಳಿಜಾರಿನ ಪಕ್ಕ ನಿಂತೆ. ಕೈಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಂತೆ ಹಿಡಿದಿದ್ದೆ, ಎಲ್ಲಿ ಅವು ತಾವಾಗಿಯೇ ಮುಂದೆ ಹೋಗುತ್ತವೋ ಎಂದು.

ಅವನು ಗಂಡಿ ಸೇರಿದ ಮೇಲೆ ಹಿಂಡು ಬರಬೇಕು. ಅದು ಕ್ರಮ. ಆದರೆ ಕೈಗೆ ಸುತ್ತಿದ ಬಟ್ಟೆ ಗಾಲಿಗೆ ಸಿಕ್ಕು, ಬಿಡಿಸಿಕೊಂಡು, ಮತ್ತೆ ಸುತ್ತಿ, ಅವನು ಹೊರಡುವುದೇ ತಡವಾಯಿತು. ಕುರ್ಚಿ ಇಳಿಜಾರಿನ ಬಾಯಿ ದಾಟಿ ಸ್ವಲ್ಪ ಕೆಳಗೆ ಬಂದಿತ್ತಷ್ಟೆ, ಹುಲಸೂರ ದಾರಿಯಲ್ಲಿ ಧೂಳೆದ್ದಿತು. ಅಮೋಘಸಿದ್ದಪ್ಪನ ಕೂಗು ಕೇಳಿತು, ಗಂಟೆಯ ಸದ್ದು ಕೇಳಿತು, ಹಿಂಡು ಅಂಗಳಕ್ಕೆ ನುಗ್ಗಿತು.

ಮುಂದೆ ಹಂಡ್ಯಾ ಇತ್ತು. ಹಂಡ್ಯಾ ಎಂದರೆ ನಮ್ಮ ಹಿಂಡಿನ ಮುಂದಾಳು ಟಗರು. ಅದು ಹೋದಲ್ಲಿ ಉಳಿದವು ಕಣ್ಣು ಮುಚ್ಚಿ ಹೋಗುತ್ತವೆ. ಅದು ದೊಡ್ಡಿಯ ಕಡೆ ಹೋಯಿತು. ಗಂಡಿಗೆ ಮುಳ್ಳು ಮುಚ್ಚಿತ್ತು, ತೆಗೆಯಬೇಕಾದವನು ಇನ್ನೂ ಇಳಿಜಾರಿನಲ್ಲಿದ್ದ. ಹಂಡ್ಯಾ ಮೂಸಿತು, ತಿರುಗಿತು. ಎದುರಿಗೆ ಎರಡು ಗೋಡೆ, ನಡುವೆ ಒಂದೇ ಕುರಿ ನುಸುಳುವ ಸಂದು, ಸಂದಿನ ತುದಿಯಲ್ಲಿ ಕಂಬಳಿ ಹೊದ್ದ ಯಜಮಾನ. ಹುಟ್ಟಿದಾಗಿನಿಂದ ಸಂಜೆ ಸಂಜೆ ಅದು ನೋಡಿದ್ದೇ ಇದನ್ನು. ಭೀಮಶಾ ಗಂಡಿಯ ಹಾಗೆ ಕಟ್ಟು ಎಂದಿದ್ದ, ಮಚ್ಚೇಂದ್ರ ಹಾಗೆಯೇ ಕಟ್ಟಿದ್ದ. ಟಗರು ತಲೆ ತಗ್ಗಿಸಿ ನೇರವಾಗಿ ಇಳಿಜಾರು ಹತ್ತಿತು. ಅದರ ಬಾಲಕ್ಕೆ ಮೂಗು ತಾಗಿಸಿಕೊಂಡು ಒಂದರ ಹಿಂದೆ ಒಂದು ಕುರಿ.

"ಹರ್ರಾ! ಹರ್ರಾ!" ಎಂದು ಅಮೋಘಸಿದ್ದಪ್ಪ ಕೂಗಿದ. ಯಾವ ಕುರಿ ಕೇಳುತ್ತದೆ? ಹಿಂದಿನವು ಒತ್ತುತ್ತಿದ್ದವು, ಮುಂದಿನವು ತಿರುಗಲು ಜಾಗವಿರಲಿಲ್ಲ. ಭೀಮಶಾ ಗಾಲಿ ಬಿಗಿಹಿಡಿದು ನಿಲ್ಲಿಸಿದ. ಹಂಡ್ಯಾ ಬಂದು ಕುರ್ಚಿಯ ಕಾಲುಹಲಗೆಗೆ ಹಣೆ ಕೊಟ್ಟು ಒತ್ತಿತು. ಕುರ್ಚಿ ಓರೆಯಾಗಿ ಒಂದು ಗಾಲಿ ಗೋಡೆಗೆ ಉಜ್ಜಿತು. ಮುಂದಿನ ಪುಟ್ಟ ಗಾಲಿಗಳು ನೆಲ ಬಿಟ್ಟು ಮೇಲೆದ್ದವು. ಇನ್ನೊಂದು ಗುದ್ದು ಕೊಟ್ಟರೆ ಅವನು ಹಿಂದಕ್ಕೆ ತಲೆಯ ಮೇಲೆ ಬೀಳುತ್ತಾನೆ, ಮುರಿದ ಬೆನ್ನು ಮತ್ತೆ ಮುರಿಯುತ್ತದೆ. ನನಗೆ ಅದಷ್ಟೇ ಕಂಡಿತು. ಕುರಿ, ರಿವಾಜು, ಪಾಲು, ಎಲ್ಲ ಹಾಳಾಗಿ ಹೋಗಲಿ ಎಂದು ನಾನು ಗೋಡೆ ಹತ್ತಿ ಕೈ ಚಾಚಿದೆ.

"ಅಕ್ಕಾ, ಮುಟ್ಟಬ್ಯಾಡ!"

ಆ ಕೂಗಿಗೆ ನನ್ನ ಕೈ ಅಲ್ಲೇ ನಿಂತಿತು. ಅವನು ಮುಂದಕ್ಕೆ ಬಾಗಿ ತನ್ನ ಭಾರವನ್ನೆಲ್ಲ ಮೊಣಕಾಲ ಮೇಲೆ ಹಾಕಿದ, ಪುಟ್ಟ ಗಾಲಿಗಳು ನೆಲಕ್ಕಿಳಿದವು. ಆಮೇಲೆ ಗಾಲಿಗಳನ್ನು ಹಿಂದಕ್ಕೆ ಎಳೆಯತೊಡಗಿದ. ಏರಿನಲ್ಲಿ, ಹಿಮ್ಮುಖವಾಗಿ. ಗೋಡೆ ಕೈಗಳನ್ನು ತುರಿಯುತ್ತಿತ್ತು, ಬಟ್ಟೆ ಬಿಚ್ಚಿ ಜೋತುಬಿದ್ದಿತ್ತು. ಅವನು ಎಳೆದಷ್ಟೂ ಹಂಡ್ಯಾ ಹಣೆಯಿಂದ ಒತ್ತಿತು. ಅದಕ್ಕೆ ಒಳಗೆ ಹೋಗುವ ಅವಸರ. ಒಂದು ತಾಸು ಹಿಡಿಯಿತೋ, ಒಂದು ಉಸಿರು ಹಿಡಿಯಿತೋ, ನಾನು ಹೇಳಲಾರೆ. ಕೊನೆಗೆ ದೊಡ್ಡ ಗಾಲಿಗಳು ಕಟ್ಟೆಯ ಮೇಲೆ ಹತ್ತಿದವು. ಭೀಮಶಾ ಗಕ್ಕನೆ ಕುರ್ಚಿ ಹೊರಳಿಸಿ ಇಳಿಜಾರಿನ ಬಾಯಿಯ ಪಕ್ಕಕ್ಕೆ ಸರಿದ. ಹಂಡ್ಯಾ ಪಡಸಾಲೆಗೆ ಕಾಲಿಟ್ಟಿತು. ರಕ್ತ ಸೋರುವ ಕೈಯನ್ನು ಅದರ ಬೆನ್ನ ಮೇಲಿಟ್ಟು ಅವನು ಗಟ್ಟಿಯಾಗಿ ಕೂಗಿದ:

"ಲಾಭ!"

ನಮ್ಮಲ್ಲಿ ಎಣಿಸುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಎರಡನೆಯದು ಹತ್ತಿತು, ಮುಟ್ಟಿದ, "ಸಿದ್ದಪ್ಪ ಕಾಕಾಂದು," ಎಂದ. ಮೂರನೆಯದು ಬಂತು. ಒಂದರ ಹಿಂದೆ ಒಂದು, ನೂಕಾಟವಿಲ್ಲದೆ, ಅವನು ಹೇಳಿದ ಹಾಗೆಯೇ ಶಿಸ್ತಾಗಿ ಹಿಂಡು ನಮ್ಮ ಮನೆ ಹತ್ತಿತು. ಪಡಸಾಲೆ ದಾಟಿ, ನಡುದಾರಿಯಲ್ಲಿ ಹಾದು ಹಿತ್ತಲು ತುಂಬತೊಡಗಿತು. ಒಳಗಿಂದ ಸಖುಬಾಯಿಯ ಬೊಬ್ಬೆ ಕೇಳಿತು. ಹಬ್ಬದ ಹೂರಣಕ್ಕೆ ಯಾವುದೋ ಕುರಿ ಬಾಯಿ ಹಾಕಿತ್ತು. ನಾನು ನಗುತ್ತಲೇ ಕಣ್ಣೊರೆಸಿಕೊಂಡೆ.

ನಡುವೆ ಒಂದು ಕುರಿಯನ್ನು ಅವನು ತಡೆದು ನಿಲ್ಲಿಸಿದ. ಕೂತಿದ್ದವನ ಕೈ ಕುರಿಯ ದವಡೆಯ ಸಮಕ್ಕೇ ಇತ್ತು. "ಕಾಕಾ, ಇದರ ಗದ್ದದ ಕೆಳಗ ಬಾವು ಬಂದದ. ಬ್ಯಾರೆ ಕಟ್ರಿ ಇದನ್ನ." ನಿಂತು ಎಣಿಸಿದವರಿಗೆ ಬೆನ್ನಷ್ಟೇ ಸಿಗುತ್ತಿತ್ತು. ಅಮೋಘಸಿದ್ದಪ್ಪ ನೆಲ ನೋಡಿದ.

ಎಣಿಕೆ ಮುಗಿಯಿತು. ಲೆಕ್ಕ ಸರಿಯಾಗಿತ್ತು. ಹಿರಿಯರು ತಮ್ಮೊಳಗೆ ಗುಸುಗುಸು ಮಾತಾಡಿದರು. ಸಿದ್ದಪ್ಪ ಕಾಕಾ ಇಳಿಜಾರು ಹತ್ತಿ ಮೇಲೆ ಬಂದು ನಿಂತ.

"ಯಾರೂ ಮುಟ್ಟಿಲ್ಲ. ಟಗರು ಮುಟ್ಟೂದಕ್ಕ ರಿವಾಜಿನಾಗ ಅಡ್ಡಿ ಇಲ್ಲ," ಎಂದ. ಎಲ್ಲರೂ ನಕ್ಕರು. "ಕುರಿ ಇಲ್ಲೇ ಇರ್ತಾವ. ಇನ್ನ ಮ್ಯಾಲ ನೀ ಇಳಿಯೂದೇ ಬ್ಯಾಡ ಭೀಮಶಾ. ಇಲ್ಲೇ ಮ್ಯಾಲ ನೆಳ್ಳಾಗ ಕುಂದ್ರು, ಹಿಂಡು ನಿನ್ನ ಬಾಗಲಿಗೇ ಬರ್ತದ. ಹಿತ್ತಲದಾಗ ದೊಡ್ಡಿ ಮಾಡಿಬಿಡೋಣ. ಮಚ್ಚೇಂದ್ರ, ಭಾಳ ಬರೋಬ್ಬರಿ ಅಗಲ ಇಟ್ಟೀದಿ ನೋಡು."

ಮಚ್ಚೇಂದ್ರ ಮೀಸೆ ತಿರುವಿದ. ಸಖುಬಾಯಿ ಬಂದು ಕಾಕಾನ ಕಾಲಿಗೆ ಬಿದ್ದಳು. ನನ್ನ ಎದೆಯ ಮೇಲಿನ ಬೀಸುಕಲ್ಲನ್ನು ಯಾರೋ ಎತ್ತಿದಂತಾಯಿತು. ಗೆದ್ದೆವು ಎಂದುಕೊಂಡು ಬಿಸಿನೀರು ತಂದು ಭೀಮಶಾನ ಕೈ ತೊಳೆಯಲು ಕೂತೆ. ಆಗ ಅವನ ಮುಖ ನೋಡಿದೆ. ಸೋತವನ ಮುಖ ಅದು.

"ಯಾಕೋ? ಭಾಳ ಉರೀತದೇನು?"

ಅವನು ನನಗಷ್ಟೇ ಕೇಳುವಂತೆ ಹೇಳಿದ: "ನನಗ ಕುಂದ್ರಲಿಕ್ಕ ಚೊಲೋ ಜಾಗಾ ಸಿಕ್ತು ಅಂತ ಎಲ್ಲಾರೂ ಖುಷಿಯಾಗ್ಯಾರ ಅಕ್ಕಾ. ನಾ ಇಳಿಜಾರ ಕಟ್ಟಿಸಿದ್ದು ಕುಂದ್ರಲಿಕ್ಕೇನು?"

ಕುರಿ ಉಳಿಯಬೇಕೆಂದು ನಾವೆಲ್ಲ ಒದ್ದಾಡಿದ್ದೆವು. ಕುರಿ ಉಳಿದರೆ ಅವನು ಉಳಿದಂತೆಯೇ ಎಂದು ನಾನು ತಿಳಿದಿದ್ದೆ. ಈಗ ಕುರಿ ಅವನಿದ್ದಲ್ಲಿಗೇ ಬಂದಿತ್ತು, ಅವನು ಕಟ್ಟೆಯ ಮೇಲೆಯೇ ಇದ್ದ, ಇನ್ನು ಸಾಯುವವರೆಗೂ ಅಲ್ಲೇ ಇರಲಿ ಎಂದು ನಾಲ್ಕು ಜನ ಹಿರಿಯರು ಪ್ರೀತಿಯಿಂದಲೇ ತೀರ್ಮಾನಿಸಿದ್ದರು.

"ಮಚ್ಚೇಂದ್ರ, ನಾಳಿ ಈ ಗ್ವಾಡಿ ಒಡಿ," ಎಂದೆ ಗಟ್ಟಿಯಾಗಿ.

ಎಲ್ಲರೂ ನನ್ನ ಕಡೆ ತಿರುಗಿದರು. "ಹುಚ್ಚು ಹಿಡದದೇನ್ರಿ ಅಕ್ಕಾರ? ಬರೋಬ್ಬರಿ ಅದ ಅಂತ ಕಾಕಾನೇ ಅಂದಾನ. ಒಡದು ಎಷ್ಟು ಅಗಲ ಮಾಡ್ಲಿ?"

ಭೀಮಶಾ ಒದ್ದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಇಳಿಜಾರನ್ನು ನೋಡಿದ.

"ನಾ ಇಳಿಯೂವಾಗ ಹಂಡ್ಯಾ ಎದುರಿಗಿ ಹತ್ತಿ ಬಂದ್ರ, ಇಬ್ರೂ ನಿಂದ್ರಬಾರ್ದು," ಎಂದ. "ನಾ ನನ್ನ ಪಾಡಿಗಿ ಇಳೀಬೇಕು, ಅದು ತನ್ನ ಪಾಡಿಗಿ ಹತ್ತಬೇಕು. ಅಷ್ಟು ಅಗಲ."

"ಹಂಗ ಮಾಡಿದ್ರ ಕುರಿ ಜೋಡಿ ಜೋಡಿ ನುಗ್ಗತಾವಲ್ಲೋ," ಎಂದ ಸಿದ್ದಪ್ಪ ಕಾಕಾ. "ಎಣಿಕಿ ಹ್ಯಾಂಗ ಮಾಡ್ತಿ?"

"ಎಣಿಕಿ ಗಂಡ್ಯಾಗ ಮಾಡ್ತೀನಿ ಕಾಕಾ. ಇದು ಗಂಡಿ ಅಲ್ಲ. ಇದು ನನ್ನ ದಾರಿ."

ಕಾಕಾನ ಮುಖ ಗಂಭೀರವಾಯಿತು. ಒಪ್ಪಿ ಕೊಟ್ಟ ಮಾತನ್ನು ಎದುರಿನವನು ತಾನೇ ಬೇಡವೆಂದರೆ ಹಿರಿಯರಿಗೆ ಹಿತವಾಗುವುದಿಲ್ಲ. ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಹಂಗಾದ್ರ ವರ್ಷದ ಮಾತು ಇವತ್ತ ಬ್ಯಾಡ. ಮುಂದಿನ ಅಮಾಸಿಗಿ ಗಂಡಿಗೇ ಬಾ. ನೀನಾಗೇ ಬರಬೇಕು. ಬರಲಿಲ್ಲಂದ್ರ ನಾ ಏನೂ ಮಾಡ್ಲಿಕ್ಕ ಆಗೂದಿಲ್ಲ ನೋಡು."

ಸಖುಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಕೈಗೆ ಬಂದ ತುತ್ತನ್ನು ತಾನೇ ಕೆಳಗಿಟ್ಟವನಿಗೆ ಏನೆನ್ನಬೇಕು? ನನಗೆ ಮತ್ತೆ ಅದೇ ಭಯ ಬಂತು. ಇನ್ನೊಂದು ತಿಂಗಳು ಅದರ ಜೊತೆಯಲ್ಲೇ ಏಳಬೇಕು, ಅದರ ಜೊತೆಯಲ್ಲೇ ಮಲಗಬೇಕು.

"ಬರ್ತೀನಿ," ಎಂದ ಭೀಮಶಾ.

ಮರದಿಂದ ಬಿದ್ದ ಮೇಲೆ ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಅವನು 'ಎತ್ರಿ' ಎನ್ನುತ್ತಿದ್ದ, 'ಒಯ್ರಿ' ಎನ್ನುತ್ತಿದ್ದ, 'ಇಳಸ್ರಿ' ಎನ್ನುತ್ತಿದ್ದ. ಮಚ್ಚೇಂದ್ರ ಗೊಣಗುತ್ತಾ ಹಾರೆ ಹುಡುಕಲು ಹೋದ.